ಬಸರಿಕಟ್ಟಿಯ ಸರಾಸರಿ

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಪಾತ್ರೆಯನ್ನೆಲ್ಲ ಉಣ್ಣಬೇಕಾಗಿಲ್ಲ, ಒಂದಗುಳು ಹಿಚುಕಿದರೆ ಸಾಕು. ಮಹೆಜಬೀನ ಪ್ರತಿ ವರ್ಷ ಈ ಪಾಠವನ್ನು ಈ ಮಾತಿನಿಂದಲೇ ಶುರು ಮಾಡುತ್ತಿದ್ದಳು. ಹಳಿಯಾಳದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವವಳು ಅವಳೊಬ್ಬಳೇ. ಮಕ್ಕಳು ಆ ವಿಷಯಕ್ಕೆ ಹೆದರುತ್ತಿದ್ದರು, ಅವಳಿಗೆ ಹೆದರುತ್ತಿರಲಿಲ್ಲ. ಅದಕ್ಕೇ ತರಗತಿ ತುಂಬಿರುತ್ತಿತ್ತು. ಈ ವರ್ಷ ಅಗುಳಿನ ಮಾತು ಮುಗಿದ ಮೇಲೆ ಅವಳು ಪುಸ್ತಕದ ಉದಾಹರಣೆ ಬಿಟ್ಟು ತನ್ನದೇ ಒಂದನ್ನು ಹಲಗೆಯ ಮೇಲೆ ಬರೆದಳು. ಬರೆಯುವಾಗ ಒಳಗೊಳಗೇ ಒಂದಿಷ್ಟು ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವುದೇಕೆ?

ಮುಂಡಗೋಡ ತಾಲೂಕಿನಲ್ಲಿ ಇಂದೂರ ದಾಟಿದ ಮೇಲೆ ಬಸರಿಕಟ್ಟಿ ಎಂಬ ಊರು. ಮುನ್ನೂರು ಮನೆ. ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಬೋರು. ಹೊಲಕ್ಕೆ ಸುರಿದ ಗೊಬ್ಬರ, ತಿಪ್ಪೆಯ ರಸ ಎಲ್ಲ ನೆಲಕ್ಕಿಳಿದು ಅಲ್ಲಿಯ ನೀರಿನಲ್ಲಿ ನೈಟ್ರೇಟು ಸೇರಿದೆ ಎಂಬ ಅನುಮಾನ ಎದ್ದಿತ್ತು. ನೀರಿನ ಕೆಲಸ ಮಾಡುವ ಒಂದು ಸಂಸ್ಥೆಯವರು ಬಂದು, ಈ ಊರವರು ಕುಡಿಯುವ ನೀರಿನಲ್ಲಿ ಸರಾಸರಿ ಎಷ್ಟು ನೈಟ್ರೇಟು ಇದೆಯೆಂದು ಅಂದಾಜು ಮಾಡಿಕೊಡಿ ಎಂದು ಮಹೆಜಬೀನಳನ್ನು ಕೇಳಿದರು. ಎಲ್ಲ ಮನೆಯ ನೀರನ್ನೂ ಪರೀಕ್ಷೆ ಮಾಡಿಸುವುದು ಆಗದ ಮಾತು. ಅವಳು ಮನೆ ನಂಬರುಗಳ ಚೀಟಿ ಮಾಡಿ, ಡಬ್ಬಿಯಲ್ಲಿ ಕುಲುಕಿ, ಕಣ್ಣು ಮುಚ್ಚಿ ನಲವತ್ತನ್ನು ಎತ್ತಿದಳು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತಾನೇ ಮನೆಮನೆಗೆ ಹೋಗಿ ಬಾಟಲಿ ತುಂಬಿಸಿಕೊಂಡು ಬಂದಳು. ಬೀಗ ಹಾಕಿದ ಮನೆಗೆ ಮರುದಿನ ಮತ್ತೆ ಹೋದಳೇ ಹೊರತು ಪಕ್ಕದ ಮನೆಯ ನೀರಿನಿಂದ ಕೆಲಸ ಸಾಗಿಸಲಿಲ್ಲ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು. ಬಸರಿಕಟ್ಟಿಯ ಸರಾಸರಿ ಬಂದದ್ದು ಇಪ್ಪತ್ತೆರಡು.

"ನಲವತ್ತು ಮನಿ ನೋಡಿ ಮುನ್ನೂರು ಮನಿ ಬಗ್ಗೆ ಹೆಂಗ ಹೇಳ್ತೀರಿ ಅಂತ ಯಾರರೆ ಕೇಳಿದ್ರ," ಎಂದು ಅವಳು ತರಗತಿಯ ಕಡೆ ತಿರುಗಿದಳು, "ಊರಿನ ಖರೇ ಸರಾಸರಿ ಇಪ್ಪತ್ತೊಂದರ ಕೆಳಗ ಇಲ್ಲ, ಇಪ್ಪತ್ಮೂರರ ಮ್ಯಾಲ ಇಲ್ಲ ಅಂತ ಎದಿ ತಟ್ಟಿ ಹೇಳ್ತೀನಿ. ಅಂದಾಜು ಅಂದ್ರ ಹಿಂಗ ಬಿಗಿ ಇರಬೇಕು."

ಮೇಜಿನ ಮೇಲೆ ಫೋನು ಗುಂಯ್ಗುಟ್ಟಿತು. ಎರಡು ಸಲ ಬಿಟ್ಟಳು. ಮೂರನೇ ಸಲ ಹೆಸರು ನೋಡಿ ಎತ್ತಿಕೊಂಡು ಹೊರಗೆ ಹೋದಳು. ನಿರ್ಮಲಾ. ಕೆಲವು ವರ್ಷಗಳ ಹಿಂದೆ ಇದೇ ತರಗತಿಯ ಮೊದಲ ಬೆಂಚಿನಲ್ಲಿ ಕೂಡುತ್ತಿದ್ದ ಹುಡುಗಿ, ಈಗ ಬಸರಿಕಟ್ಟಿಯ ಸೊಸೆ. ನೀರಿನ ಸರ್ವೆ ನಡೆದಾಗ ಅವಳು ಚೊಚ್ಚಲ ಬಾಣಂತನಕ್ಕೆ ಹಳಿಯಾಳದ ತವರಿನಲ್ಲಿದ್ದಳು. ಮಗನನ್ನೆತ್ತಿಕೊಂಡು ಗಂಡನ ಮನೆಗೆ ಮರಳಿದ್ದು ಮೊನ್ನೆ ದೀಪಾವಳಿಗೆ.

"ಮೇಡಂ, ಪಾಠದಾಗಿದ್ರೇನ್ರಿ? ತಪ್ಪ ತಿಳ್ಕೋಬ್ಯಾಡ್ರಿ. ನಮ್ಮ ಶಿವಯೋಗಿ ತುಟಿ ನೀಲಿ ಆಗ್ಯಾವ್ರಿ. ಉಗುರೂ ಹಂಗ ಆಗ್ಯಾವು. ಅತ್ರ ಇನ್ನೂ ಹೆಚ್ಚಾಗತೈತಿ. ತವರಾಗಿದ್ದಾಗ ಇಂಥಾದ್ದೇನೂ ಇರಲಿಲ್ರಿ."

"ಡಾಕ್ಟರಿಗೆ ತೋರಿಸಿದ್ರೇನ?"

"ಮುಂಡಗೋಡದಾಗ ಅಡಿವೆಯ್ಯ ಡಾಕ್ಟರಿಗೆ ತೋರಿಸೇವ್ರಿ. ಎದಿಯೊಳಗ ತೂತು ಇರಬಹುದು, ಸೋಮವಾರ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸ್ರಿ ಅಂದ್ರು. ಮೊದಲ ಅವರು ನೀರಿನ ಸುದ್ದಿನ ಕೇಳಿದ್ರಿ. ನಮ್ಮ ಮೇಡಂ ಪರೀಕ್ಷಾ ಮಾಡ್ಯಾರ್ರಿ, ಚಲೋ ಐತಿ ಅಂತ ನಾನ ಹೇಳಿದೆ. ನನ್ನ ಹಾಲು ಅವಂಗ ಸಾಲಂಗಿಲ್ರಿ, ಡಬ್ಬಿ ಹಾಲು ಕಲಸಿ ಹಾಕ್ತೀನಿ. ನೀರಂತೂ ಹತ್ತು ಹದಿನೈದು ಮಿನಿಟ ಕುದಸ್ತೀನ್ರಿ." ಆಮೇಲೆ ನಿರ್ಮಲಾ ಕೇಳಿದಳು, "ನೀರು ಚಲೋ ಐತಲ್ರಿ, ಮೇಡಂ?"

"ಚಲೋ ಐತಿ," ಎಂದಳು ಮಹೆಜಬೀನ. "ನೀರಿಂದ ಅಲ್ಲ ಇದು. ನೀ ಹೆದರಬ್ಯಾಡ."

ಹೆದರಬೇಡ ಎಂದದ್ದು ಬಾಯಿ ಮಾತ್ರ. ನಲವತ್ತೈದು ಎಂಬ ಗೆರೆಯನ್ನು ಯಾರಿಗಾಗಿ ಎಳೆದಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು. ನೈಟ್ರೇಟು ಹೆಚ್ಚಿದ ನೀರನ್ನು ದೊಡ್ಡವರ ಮೈ ಹೇಗೋ ತಾಳಿಕೊಳ್ಳುತ್ತದೆ, ಎಳೆಗೂಸಿನ ರಕ್ತ ತಾಳುವುದಿಲ್ಲ. ಉಸಿರಿನ ಗಾಳಿಯನ್ನು ಹೊರುವ ಶಕ್ತಿ ರಕ್ತಕ್ಕೆ ಇಲ್ಲದಂತಾಗಿ ಕೂಸು ನೀಲಿಗಟ್ಟುತ್ತದೆ. ಅಂಥ ನೀರನ್ನು ಕುದಿಸಿದರೆ ಹಾರಿಹೋಗುವುದು ನೀರು ಮಾತ್ರ. ವಿಷ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನೆಲ್ಲ ಅವಳು ಸರ್ವೆಗೆ ಮುಂಚೆ ಓದಿದ್ದಳು. ಇಪ್ಪತ್ತೆರಡು ಬಂದ ಮೇಲೆ ಮರೆತಿದ್ದಳು.

ಒಳಗೆ ಬಂದು ಸೀಮೆಸುಣ್ಣ ಕೈಗೆತ್ತಿಕೊಂಡವಳು ಹಲಗೆಯ ಮುಂದೆ ನಿಂತು ನಲವತ್ತು ಮನೆಯ ಅಂಕಿಗಳನ್ನು ಮತ್ತೆ ಓದಿದಳು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು, ಮತ್ತೆ ಇಪ್ಪತ್ತೆರಡು. ತಾನೇ ಬರೆದ ಅಂಕಿಗಳು. ಊರ ತುದಿಯ ಮನೆ, ಕೆರೆಯಂಚಿನ ಮನೆ, ತಿಪ್ಪೆಗುಂಡಿಗೆ ತಾಗಿದ ಮನೆ. ಒಂದು ಬೋರು ಆಳ, ಒಂದು ಮೇಲುಮೇಲೆ, ಒಂದು ಹತ್ತು ವರ್ಷದ ಹಳೆಯದು. ಒಬ್ಬ ತಾಯಿಯ ಮಕ್ಕಳೂ ಇಷ್ಟೊಂದು ಹೋಲುವುದಿಲ್ಲ. ನಲವತ್ತು ಬೋರುಗಳು ಮಾತಾಡಿಕೊಂಡವರಂತೆ ಒಂದೇ ಉತ್ತರ ಕೊಟ್ಟಿದ್ದವು. ಅಂದು ಅದನ್ನು ನೋಡಿ ಅವಳು ಖುಷಿಪಟ್ಟಿದ್ದಳು, ಸ್ಟಾಫ್ ರೂಮಿನಲ್ಲಿ ಪೇಢೆ ಹಂಚುವುದೊಂದು ಬಾಕಿ. ಇವತ್ತು ಅದೇ ಅಂಕಿಗಳು ಅನುಮಾನ ಹುಟ್ಟಿಸಿದವು.

ಎಲ್ಲೋ ತಪ್ಪಾಗಿದೆ. ಎಲ್ಲಿ ಎಂಬುದೇ ತಿಳಿಯದು.

ತಮ್ಮ ತೌಸೀಫ ಅಂದು ಜೀಪಿಗೆ ಟಯರು ಹಾಕಿಸಲು ಹಳಿಯಾಳಕ್ಕೆ ಬಂದಿದ್ದ. ಗಣೇಶಗುಡಿಯ ಹೋಮ್‌ಸ್ಟೇಗಳಿಗೆ ಪ್ರವಾಸಿಗರನ್ನು ಹೊತ್ತು ತಿರುಗುವುದು ಅವನ ಕೆಲಸ. ಅಕ್ಕ ತರಗತಿಯನ್ನು ಅರ್ಧಕ್ಕೇ ಬಿಟ್ಟು, ಸೀಮೆಸುಣ್ಣದ ಕೈಯಲ್ಲೇ ಬಂದು ಜೀಪು ಹತ್ತಿದ್ದು ನೋಡಿ ಅವನಿಗೆ ನಗು ಬಂತು. ಬಸರಿಕಟ್ಟಿಗೆ ನಡೆ, ಈಗಲೇ ನಡೆ ಎಂದಾಗ ನಗು ನಿಂತಿತು. ಕಲಘಟಗಿ ದಾಟುವ ಹೊತ್ತಿಗೆ ಮನೆಯ ಉರ್ದುವಿನಲ್ಲಿ ಮೆಲ್ಲಗೆ ಕೇಳಿದ, ಲೆಕ್ಕವೇನಾದರೂ ತಪ್ಪಿತೇ ಎಂದು. ಅವಳು ಫೋನಿನಲ್ಲೇ ಮತ್ತೊಮ್ಮೆ ಕೂಡಿಸಿ ಭಾಗಿಸಿ ನೋಡಿದಳು. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನೂ ಭಯವಾಯಿತು. ಲೆಕ್ಕ ತಪ್ಪಿದ್ದರೆ ತಿದ್ದಬಹುದಿತ್ತು.

ಮಹೆಜಬೀನ ಸಂತಳೇನಲ್ಲ. ಆ ದಾರಿಯಲ್ಲಿ ಅವಳಿಗೆ ಮೊದಲು ನೆನಪಾದದ್ದು ಕೂಸಲ್ಲ, ಪ್ರಿನ್ಸಿಪಾಲರ ಮುಖ. ಆಮೇಲೆ ಪಂಚಾಯಿತಿಯ ಗೋಡೆ. ಅವಳ ವರದಿ ಬಂದ ದಿನ ಪಂಚಾಯಿತಿ ಮೆಂಬರು ಅಂದಾನೆಪ್ಪ 'ಊರಿನ ನೀರು ಸುರಕ್ಷಿತ' ಎಂದು ಅಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದ. ಆಮೇಲೆ, ಜೀಪು ಕಾಡಿನ ತಿರುವುಗಳಲ್ಲಿ ಹೊರಳುವಾಗ, ತಾನು ಏನೋ ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೇ ಕೇಳಿಸಿತು. ಕೂಸಿನ ಎದೆಯಲ್ಲಿ ತೂತೇ ಇರಲಿ, ಯಾ ಅಲ್ಲಾ, ನೀರಿನಿಂದ ಆಗಿರದಿರಲಿ. ಹಾಗೆ ಬೇಡಿಕೊಂಡ ನಾಲಗೆಯನ್ನು ಅವಳು ಕಚ್ಚಿಕೊಂಡಳು. ಒಂದು ಅಂಕಿ ಉಳಿಯಲೆಂದು ಒಂದು ಕೂಸಿನ ಹೃದಯ ಕೆಡಲಿ ಎಂದವಳು ತಾನೇ ಹೌದೇ? ತನ್ನನ್ನು ಕಂಡೇ ಅವಳಿಗೆ ಹೆದರಿಕೆಯಾಯಿತು.

ನಿರ್ಮಲಾಳ ಅತ್ತೆ ಶಿವಗಂಗವ್ವ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗ ಲೋಕೇಶ ಕಬ್ಬಿನ ಲಾರಿಯ ಹಿಂದೆ ಹೋಗಿದ್ದ. ಮಹೆಜಬೀನ ಕೂಸಿನ ಮುಖ ನೋಡಿದಳು. ನೇರಳೆಹಣ್ಣು ತಿಂದ ಬಾಯಿಯಂತೆ ತುಟಿ. ಕಣ್ಣಿನ ಸುತ್ತ ಬೂದಿ ಬಣ್ಣ. ಅದು ಅಳುತ್ತಲೂ ಇರಲಿಲ್ಲ, ಅಳಲು ಬೇಕಾದ ಕಸುವು ಇದ್ದಂತಿರಲಿಲ್ಲ.

"ಥಂಡಿ ಹತ್ತೇತ್ರಿ, ಅಷ್ಟ," ಎಂದಳು ಶಿವಗಂಗವ್ವ, ಯಾರಿಗೆ ಧೈರ್ಯ ಹೇಳುತ್ತಿದ್ದಾಳೆಂದು ಅವಳಿಗೇ ಗೊತ್ತಿಲ್ಲದ ದನಿಯಲ್ಲಿ. "ಬರ್ರಿ ಅಕ್ಕಾರ, ಕುಂದರ್ರಿ. ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ."

ಕೂಸನ್ನು ಸೊಸೆಯ ಕೈಗಿತ್ತು ಎದ್ದಳು. ಮನೆಯಲ್ಲಿ ಸಾವು ಹೊಸ್ತಿಲಿಗೆ ಬಂದು ನಿಂತಿದ್ದರೂ ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತಿಗೆ ಕೂಡುವ ಪೈಕಿಯಲ್ಲ ಆ ಸೀಮೆಯ ಹೆಣ್ಣುಮಕ್ಕಳು. ಬಾಗಿಲ ಪಕ್ಕದ ಮಣ್ಣಿನ ಹರವಿಯಿಂದ ತಂಬಿಗೆ ತುಂಬಿ, ಬಟ್ಟಲಿನಲ್ಲಿ ಬೆಲ್ಲದ ಚೂರಿಟ್ಟು ತಂದಳು. ಮಹೆಜಬೀನ ಕುಡಿದಳು. ತಣ್ಣಗಿನ, ಸವಿಯಾದ ನೀರು. ಶ್ರಾವಣದಲ್ಲಿ ಬಂದಾಗಲೂ ಪ್ರತಿ ಮನೆಯಲ್ಲಿ ಇದೇ ಬೆಲ್ಲ, ಇದೇ ನೀರು. ದಾಂಡೇಲಿಗೆ ಹೋಗಿ ತಾಯಿ ರಹಿಮತಬಿಯ ಮುಂದೆ ಬಸರಿಕಟ್ಟಿಯವರ ಪ್ರೀತಿಯನ್ನು ಹೊಗಳಿದ್ದೇ ಹೊಗಳಿದ್ದು. ಈಗ ಆ ಸವಿಗೆ ಅವಳ ಜೀವ ಒಂದಿಷ್ಟು ತಂಪಾಯಿತು. ಇಂಥ ನೀರಿನಲ್ಲಿ ದೋಷವಿರಲು ಹೇಗೆ ಸಾಧ್ಯ?

"ಮೇಡಂ, ಇವಂಗ ಹಾಲಿನ ಹೊತ್ತಾತ್ರಿ. ಒಳಗ ಬರ್ರಿ, ಮಾತಾಡ್ತಾ ಮಾಡ್ತೀನಿ," ಎಂದು ನಿರ್ಮಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದಳು. ಮಹೆಜಬೀನ ಹಿಂದೆ ಹೋದಳು. ನಿರ್ಮಲಾ ಒಲೆಯ ಮೇಲೆ ಪಾತ್ರೆ ಇಟ್ಟಳು. ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಿಂದ ಚರಿಗೆಯಲ್ಲಿ ನೀರು ಮೊಗೆದು ಅದಕ್ಕೆ ಸುರಿದಳು.

"ಹರವಿ ನೀರು ಹಾಕಂಗಿಲ್ಲೇನ?"

"ಅದು ಬಂದವರಿಗೆ ಅಂತ ಇಟ್ಟಿದ್ದು, ಮೇಡಂ."

ಮಹೆಜಬೀನ ಡ್ರಮ್ಮಿನ ನೀರನ್ನು ಅಂಗೈಗೆ ಹಾಕಿಕೊಂಡು ನಾಲಗೆಗೆ ಮುಟ್ಟಿಸಿದಳು. ಸಪ್ಪೆ, ಒಗರು, ಕೊನೆಯಲ್ಲಿ ಒಂದು ಉಪ್ಪಿನ ಎಳೆ. ಈಗ ತಾನೇ ಕುಡಿದ ನೀರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಪಡಸಾಲೆಗೆ ಬಂದು ಶಿವಗಂಗವ್ವನ ಮುಂದೆ ನಿಂತು ಕೇಳಿದಳು, "ಅವ್ವಾರ, ಹರವಿ ನೀರು ಎಲ್ಲಿಂದ್ರಿ?"

"ಮಠದ ಭಾವೀದ್ರಿ. ಹಿತ್ತಲ ಬೋರಿಂದು ಸವಳು. ನಾವು ಕುಡದು ಕುಡದು ರೂಢಿ ಆಗೇತಿ. ಬಂದವರಿಗೆ ಸವಳು ನೀರು ಕೊಡಾಕ ಆಗತೈತೇನ್ರಿ? ಅದಕ್ಕ ಮನಿಗೊಂದು ಕೊಡ ಮಠದ ಭಾವೀದು ತಂದು ಇಟ್ಟಿರ್ತೀವಿ."

"ನಾ ಬಾಟ್ಲಿ ತಗೊಂಡು ಬಂದಾಗ?"

"ಆವಾಗೂ ಅದನ್ನ ತುಂಬಿ ಕೊಟ್ಟೇವಲ್ರಿ." ಶಿವಗಂಗವ್ವನ ಮುಖದಲ್ಲಿ ಅಂಥ ಹೊತ್ತಿನಲ್ಲೂ ಒಂದು ಅಭಿಮಾನ ಮೂಡಿತು. "ಊರಿಗೆ ಊರ ಅದನ್ನ ಕೊಟ್ಟೈತಿ. ನೀವು ಬರ್ತೀರಿ ಅಂತ ಅಂದಾನೆಪ್ಪ ಮುಂಚೇನ ಹೇಳಿ ಕಳಿಸಿದ್ದ. ಹಿಂದಿನ ಸಂಜೀಕ ಮಠದ ಭಾವೀ ಮ್ಯಾಲ ಕೊಡಾ ಇಡಾಕ ಜಾಗಾ ಇರಲಿಲ್ಲ. ಬಾಟ್ಲಿ ಮ್ಯಾಲ ಮನಿತನದ ಹೆಸರು ಬರಿತಿದ್ರಿ ನೀವು. ನಮ್ಮನಿ ಹೆಸರಿನ ಬಾಟ್ಲ್ಯಾಗ ಸವಳು ತುಂಬಿ ಕಾಲೇಜಿಗೆ ಕಳಸಾಕ ಯಾವ ಹೆಣ್ಮಗಳಿಗೆ ಮನಸ ಬಂದೀತು ಹೇಳ್ರಿ?"

ಮಹೆಜಬೀನ ಯಾರ ಮೇಲೆ ಸಿಟ್ಟಾಗಬೇಕು? ದಾಂಡೇಲಿಯಲ್ಲಿ ಅವಳ ತಾಯಿಯೂ ಬಂದವರಿಗೆಂದೇ ಆರು ಕಪ್ಪು-ಬಸಿ ಎತ್ತಿಟ್ಟಿದ್ದಳು. ಮನೆಯವರು ಅದರಲ್ಲಿ ಚಹಾ ಕುಡಿದ ನೆನಪೇ ಅವಳಿಗಿಲ್ಲ. ಚೀಟಿ ಎತ್ತುವಾಗ ಅಷ್ಟು ಎಚ್ಚರ ವಹಿಸಿದವಳು ತನ್ನ ತಾಯಿಯ ಕಪಾಟನ್ನು ನೆನೆಸಿಕೊಂಡಿದ್ದರೆ ಸಾಕಿತ್ತು. ಅಡುಗೆಮನೆಯಲ್ಲಿ ನೀರು ಕುದಿಯತೊಡಗಿದ ಸದ್ದು ಕೇಳಿತು. ಓಡಿಹೋಗಿ ಒಲೆ ಆರಿಸಿದಳು.

"ನಿರ್ಮಲಾ, ಈ ನೀರು ಹಾಕಬ್ಯಾಡ. ಒಂದು ಹನಿ ಸುದ್ದಾ ಹಾಕಬ್ಯಾಡ. ಕೂಸಿನ್ನ ತಗೋ, ಹೋಗೂಣು."

"ಎಲ್ಲಿಗ್ರಿ?" ಶಿವಗಂಗವ್ವ ಬಾಗಿಲಿಗೆ ಅಡ್ಡ ನಿಂತಳು. "ಹುಬ್ಬಳ್ಳಿಗೆ ಸೋಮವಾರ ಹೋಗೂದೈತಿ. ಲೋಕೇಶ ಬರಲಿ. ನೀರು ಚಲೋ ಐತಿ ಅಂತ ನೀವ ಬರದ ಕೊಟ್ಟೀರಿ, ಈಗ ನೀವ ಬಂದು ಹಿಂಗಂದ್ರ ಹೆಂಗ? ದೊಡ್ಡ ಓದಿದವರು ನೀವು. ಯಾವ ಮಾತು ನಂಬೂಣು ನಾವು?"

ಈ ಒಂದು ಮಾತು ಹೊರಬಿದ್ದರೆ ಇನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂಬುದು ಮಹೆಜಬೀನಳಿಗೆ ಗೊತ್ತಿತ್ತು. ನಿರ್ಮಲಾಳ ಹೆಗಲ ಮೇಲೆ ಕೂಸಿನ ತಲೆ ಜೋಲು ಬಿದ್ದಿತ್ತು.

"ಆಗ ಬರದದ್ದು ಸುಳ್ರಿ, ಅವ್ವಾರ. ತಪ್ಪು ನಂದ. ಈಗ ಹೇಳೂದು ಖರೆ. ಸೋಮವಾರತನಕ ಕೂಸು ಉಳಿಯಂಗಿಲ್ಲ."

ಶಿವಗಂಗವ್ವ ಅವಳನ್ನೇ ನೋಡಿದಳು. ಆಮೇಲೆ ಗೂಟದ ಮೇಲಿನ ಶಾಲು ತೆಗೆದುಕೊಂಡು ಕೂಸಿಗೆ ಹೊದಿಸಿದಳು, ತಾನೂ ಜೀಪು ಹತ್ತಿದಳು.

ಮುಂಡಗೋಡದಲ್ಲಿ ಅಡಿವೆಯ್ಯ ಡಾಕ್ಟರರು ಕೂಸಿನ ಮೂಗಿಗೆ ಆಕ್ಸಿಜನ್ ಹಚ್ಚಿದರು. ಹಚ್ಚಿ ಕಾದರು. ಬಣ್ಣ ತಿರುಗಲಿಲ್ಲ. ಡಾಕ್ಟರರ ಹುಬ್ಬು ಗಂಟಾಯಿತು.

"ಸರ್, ನೀರಿಂದ ಆಗೇತ್ರಿ. ನೈಟ್ರೇಟು," ಎಂದಳು ಮಹೆಜಬೀನ.

"ನನಗೂ ಮೊದಲ ಅದ ಅನುಮಾನ ಬಂದಿತ್ತು. ಆದ್ರ ಬಸರಿಕಟ್ಟಿ ರಿಪೋರ್ಟು ಓದೇನಿ ನಾನು. ಇಪ್ಪತ್ತೆರಡು ಐತಿ. ಭಾಳ ಶಿಸ್ತಿನ ಕೆಲಸ ಅದು. ಸುಳ್ಳು ಅನ್ನಾಕ ನೀವು ಯಾರು?"

"ಬರದಾಕಿ ನಾನ ರೀ." ಅವಳ ದನಿ ಅವಳಿಗೇ ಯಾರದೋ ಅನ್ನಿಸಿತು. "ಮುನ್ನೂರು ಬೋರಿನ ಅಂದಾಜು ಕಟ್ಟಬೇಕಿತ್ರಿ, ಸರ್. ಒಂದ ಭಾವೀನ ನಲವತ್ತು ಸಲ ಅಳದು ಬಂದೇನಿ. ಈ ಕೂಸು ಕುಡದ ನೀರನ್ನ ಯಾರೂ ಅಳದಿಲ್ಲ."

ಡಾಕ್ಟರರು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಬಿಳಿ ಕಾಗದದ ಮೇಲೆ ಹಿಡಿದರು. ಅದು ಕೆಂಪಗಿರಲಿಲ್ಲ. ಚಾಕಲೇಟಿನಂತೆ ಕಂದಾಗಿತ್ತು. ಗಾಳಿಗೆ ಹಿಡಿದು ಆಡಿಸಿದರು, ಕಂದಾಗಿಯೇ ಉಳಿಯಿತು. ನಿರ್ಮಲಾ ಅದನ್ನು ನೋಡಿ ಒಂದು ಸದ್ದು ಮಾಡಿದಳು, ಅದು ಅಳುವೂ ಅಲ್ಲ, ಮಾತೂ ಅಲ್ಲ. ಡಾಕ್ಟರರು ಆಗಲೇ ಫೋನು ಎತ್ತಿ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯವರಿಗೆ ಔಷಧದ ಹೆಸರು ಎರಡೆರಡು ಸಲ ಹೇಳಿ, ಸಿದ್ಧ ಇಟ್ಟುಕೊಳ್ಳಿ, ಕೂಸು ದಾರಿಯಲ್ಲಿದೆ ಎಂದರು.

ಮುಂಡಗೋಡದಿಂದ ಹುಬ್ಬಳ್ಳಿ ದೂರವೇನಲ್ಲ. ಆದರೆ ಮಹೆಜಬೀನಳಿಗೆ ಆ ದಾರಿ ಎಂದೂ ಅಷ್ಟು ಉದ್ದವಾಗಿ ಕಂಡಿರಲಿಲ್ಲ. ಆಂಬುಲೆನ್ಸಿನಲ್ಲಿ ಕೂಸು ಸಿಲಿಂಡರಿನ ಪಕ್ಕದಲ್ಲಿ ಮಲಗಿತ್ತು. ನಿರ್ಮಲಾ ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಇಡುತ್ತಿದ್ದಳು. ಎದುರಿಗೆ ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರು, ಮೇಯ್ದು ಮನೆಗೆ ಮರಳುವ ದನಗಳು. ಪ್ರತಿಯೊಂದಕ್ಕೂ ಗಾಡಿ ನಿಧಾನಿಸಬೇಕಾಗುತ್ತಿತ್ತು. ಒಮ್ಮೆ ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. "ಮೇಡಂ, ನೋಡ್ರಿ, ನೋಡ್ರಿ," ಎಂದು ನಿರ್ಮಲಾ ಅವಳ ತೋಳನ್ನು ಉಗುರು ನಾಟುವಂತೆ ಹಿಡಿದಳು. ನೋಡಿ ಮಹೆಜಬೀನ ಮಾಡುವುದೇನು? ಪಾದವನ್ನು ಉಜ್ಜಿದಳು. ಅದು ತಣ್ಣಗಿತ್ತು, ಅವಳ ಹೆಬ್ಬೆರಳಿನಷ್ಟೇ ಇತ್ತು. ಜೊತೆಗೆ ಬಂದ ನರ್ಸು ತಾಯಿಯ ಕೈ ಸರಿಸಿ ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟು ಮೆತ್ತಗೆ ಒತ್ತಿದಳು. ಹಿಂದಿನ ಸೀಟಿನಲ್ಲಿ ಶಿವಗಂಗವ್ವ 'ಶಿವ ಶಿವ' ಎನ್ನುತ್ತಿದ್ದಳು. ಒಂದು ಹೊತ್ತಿನಲ್ಲಿ ಅದೂ ನಿಂತಿತು, ಆಂಬುಲೆನ್ಸಿನಲ್ಲಿ ಸೈರನ್ನಿನದೊಂದೇ ಸದ್ದು ಉಳಿಯಿತು.

ಆಸ್ಪತ್ರೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ನೀಲಿಗಟ್ಟಿದ ಕೂಸಿಗೆ ನೀಲಿ ಬಣ್ಣದ್ದೇ ಔಷಧ. ಸಣ್ಣ ನರಕ್ಕೆ ಸೂಜಿ ಹಾಕಲು ಎರಡು ಸಲ ಸೋತು ಮೂರನೇ ಸಲಕ್ಕೆ ಗೆದ್ದರು. ಗಾಜಿನ ಈಚೆ ನಿಂತ ಮೂವರು ಹೆಂಗಸರಿಗೂ ಕಣ್ಣು ಮಿಟುಕಿಸಲು ಧೈರ್ಯವಿರಲಿಲ್ಲ. ಮೊದಲು ಕಿವಿಯ ತುದಿಗೆ ಬಣ್ಣ ಬಂತು, ಆಮೇಲೆ ಕೆನ್ನೆಗೆ, ಎಲ್ಲಕ್ಕಿಂತ ಕೊನೆಗೆ ತುಟಿಗೆ. ಶಿವಯೋಗಿ ಬಾಯಿ ತೆರೆದು ಕಿಟಾರನೆ ಅತ್ತ. ಅಷ್ಟು ಚಂದದ ಅಳುವನ್ನು ಅವರ್ಯಾರೂ ಕೇಳಿರಲಿಲ್ಲ. ನರ್ಸು ಬಂದು ತಾಯಿಯನ್ನು ಒಳಗೆ ಕರೆದುಕೊಂಡು ಹೋದಳು.

ಶಿವಗಂಗವ್ವ ಮಹೆಜಬೀನಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನಮ್ಮ ಪಾಲಿಗೆ ದೇವರು ಬಂದಂಗ ಬಂದ್ರಿ ಅಕ್ಕಾರ. ತಪ್ಪು ಯಾರ ಮಾಡಂಗಿಲ್ಲ? ತಪ್ಪಾತು ಅಂತ ಓಡಿ ಬರವರು ಎಷ್ಟು ಮಂದಿ?" ಒದ್ದೆ ಕಣ್ಣಲ್ಲೇ ನಕ್ಕಳು. ಜೀವ ಹಗುರಾಗಿ ಮಾತು ತಾನಾಗಿ ಹರಿಯುತ್ತಿತ್ತು. "ಸಿದ್ದಕ್ಕನ ಮೊಮ್ಮಗಳಿಗೂ ನಿಮ್ಮಂಥವರು ಸಿಕ್ಕಿದ್ರ ಉಳೀತಿತ್ತೋ ಏನೋ."

"ಯಾವ ಸಿದ್ದಕ್ಕರಿ?"

"ನಮ್ಮ ಓಣಿ ತುದೀ ಮನಿ ಸಿದ್ದಕ್ಕ. ಆಕಿ ಮೊಮ್ಮಗಳೂ ಹಿಂಗ ನೀಲಿ ಆಗಿತ್ರಿ. ಹುಟ್ಟತಾ ಎದಿ ಬ್ಯಾನಿ ಇರಬೇಕು ಅಂದ್ರು ಎಲ್ಲಾರೂ. ದಸರಾ ಮುಂದ ತೀರಿಕೊಂತು."

ಮಹೆಜಬೀನ ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಆ ಕೂಸಿಗೂ ಬೋರಿನ ನೀರ ಹಾಕತಿದ್ರೇನ್ರಿ?"

"ಮೊದಲ ಇಲ್ರಿ. ಸಿದ್ದಕ್ಕ ಭಾಳ ಕಾಳಜಿ ಹೆಣ್ಮಗಳು. ಎಳೀಕೂಸಿಗೆ ಸವಳು ಬ್ಯಾಡ ಅಂತ, ಮೊಣಕಾಲ ಬ್ಯಾನಿ ಕಟಗೊಂಡು ದಿನಾ ಮಠದ ಭಾವಿಗೆ ಹೋಗಿ ಒಂದು ಕೊಡ ತರ್ತಿದ್ಲು. ನಿಮ್ಮ ರಿಪೋರ್ಟು ಬಂತಲ್ಲ, ಆಮ್ಯಾಲ ನಾನ ಹೇಳಿದೆ ಆಕೀಗೆ. ಮನೀ ನೀರ ಚಲೋ ಐತಂತ ಕಾಲೇಜಿನವರು ಬರದ ಕೊಟ್ಟಾರ, ಸುಮ್ನ ಯಾಕ ಕಾಲು ಸವಸ್ತಿ, ಹಿತ್ತಲ ನೀರ ಕುದಿಸಿ ಹಾಕ ಅಂತ ನಾನ..."

ಶಿವಗಂಗವ್ವನ ಬಾಯಿ ತೆರೆದೇ ಇತ್ತು. ತಾನು ಏನು ಹೇಳಿದೆ ಎಂಬುದು ಅವಳಿಗೆ ಅರ್ಥವಾಗುತ್ತಿರುವುದನ್ನು ಮಹೆಜಬೀನ ಎದುರಿಗೇ ನಿಂತು ನೋಡಿದಳು. ಗಾಜಿನ ಆಚೆ ಶಿವಯೋಗಿ ಅಳುತ್ತಲೇ ಇದ್ದ. ಇಬ್ಬರೂ ಅತ್ತ ನೋಡಲಿಲ್ಲ, ಒಬ್ಬರ ಮುಖವನ್ನೊಬ್ಬರು ನೋಡುವುದನ್ನು ಬಿಡಲೂ ಆಗಲಿಲ್ಲ.

ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ, ಬದುಕಿಡೀ ಇದೆ. ಮಹೆಜಬೀನ ಅಂದಾನೆಪ್ಪನ ನಂಬರು ಹುಡುಕಲು ಫೋನು ತೆಗೆದಳು.

"ಅವ್ವಾರ," ಎಂದಳು, "ನಿಮ್ಮೂರಾಗ ಡಬ್ಬಿ ಹಾಲು ಕುಡಿಯೋ ಕೂಸು ಇನ್ನ ಯಾವ ಯಾವ ಮನ್ಯಾಗ ಅದಾವ್ರಿ?"

ಶಿವಗಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಬೆರಳು ಮಡಚಿ ಎಣಿಸತೊಡಗಿದಳು. ಒಂದು ಕೈಯ ಬೆರಳು ಮುಗಿದವು. ಅವಳು ಇನ್ನೊಂದು ಕೈ ಮುಂದೆ ಮಾಡಿದಳು.